ಬ್ರೌಸರ್‌ನ ಹುಡುಕಾಟವನ್ನು ಮೂಲ ಸ್ಥಿತಿಗೆ ತರುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಹುಡುಕಾಟ ದಾರಿ ತಪ್ಪಿದಾಗ ಎಲ್ಲರೂ ಮೊದಲು ಕೇಳುವುದು "ಯಾವ ಬಟನ್ ಒತ್ತಲಿ?" ಎಂದು. ಆ ಬಟನ್‌ಗಳ ವಿವರ ಕೆಳಗಿದೆ. ಆದರೆ ಸೆಟ್ಟಿಂಗ್ ಬದಲಾಯಿಸಿದ್ದು ಯಾರು ಎಂದು ನೋಡದೆ ಬಟನ್ ಒತ್ತಿದವರು ಕೆಲವೇ ದಿನಗಳಲ್ಲಿ ಅದೇ ಪ್ರಶ್ನೆ ಹಿಡಿದು ಮರಳುತ್ತಾರೆ. ಹಾಗಾಗಿ ಕೊನೆಯ ಭಾಗಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಮೆನುಗಳ ಹೆಸರುಗಳನ್ನು ಇಂಗ್ಲಿಷ್ ಬ್ರೌಸರ್‌ನಲ್ಲಿ ಇರುವಂತೆಯೇ ಬರೆದಿದ್ದೇನೆ. ಹೊಸ ಆವೃತ್ತಿ ಬಂದಾಗಲೆಲ್ಲ ಅವು ಅತ್ತಿತ್ತ ಸರಿಯುವುದುಂಟು. ಕಾಣದಿದ್ದರೆ ಸೆಟ್ಟಿಂಗ್ಸ್ ಪುಟದಲ್ಲಿರುವ ಹುಡುಕುವ ಪೆಟ್ಟಿಗೆಯಲ್ಲಿ 'ಸರ್ಚ್' ಎಂದು ಬರೆದು ನೋಡಿ.

## ಮೊದಲು ತಿಳಿಯಬೇಕಾದವು

ನಾನು ಏನನ್ನೂ ಮುಟ್ಟಿಲ್ಲ. ಆದರೂ ಹುಡುಕಿದರೆ ಹೆಸರೇ ಕೇಳದ ಪುಟ ತೆರೆದುಕೊಳ್ಳುತ್ತದೆ. ಬದಲಾಯಿಸಿದ್ದು ಯಾರು?

ಬಹುಪಾಲು ಎರಡರಲ್ಲಿ ಒಂದು. ಮೊದಲನೆಯದು ನೀವೇ ಹಾಕಿಕೊಂಡ ಎಕ್ಸ್‌ಟೆನ್ಷನ್, ಅಂದರೆ ಬ್ರೌಸರ್‌ಗೆ ಸೇರಿಸುವ ಕಿರು ತಂತ್ರಾಂಶ. ಪಿಡಿಎಫ್ ಬದಲಾಯಿಸುವುದು, ಕೂಪನ್ ಹುಡುಕುವುದು, ಹೊಸ ಟ್ಯಾಬ್‌ಗೆ ಚಂದದ ಚಿತ್ರ ತರುವುದು ಎಂಬ ಹೆಸರಿನಲ್ಲಿ ಬಂದು, ಅದೇ ಅನುಮತಿಯಲ್ಲಿ ಹುಡುಕಾಟವನ್ನೂ ತನ್ನ ಕಡೆ ತಿರುಗಿಸಿಕೊಂಡಿರುತ್ತದೆ. ಎರಡನೆಯದು ಉಚಿತ ತಂತ್ರಾಂಶದ ಜೊತೆಗೆ ಅಂಟಿಕೊಂಡು ಬಂದದ್ದು. ಇನ್‌ಸ್ಟಾಲ್ ಮಾಡುವಾಗ 'ನೆಕ್ಸ್ಟ್, ನೆಕ್ಸ್ಟ್' ಎಂದು ಒತ್ತುತ್ತಾ ಹೋದ ಪರದೆಗಳಲ್ಲಿ ಒಂದರ ಮೂಲೆಯಲ್ಲಿ, ಮೊದಲೇ ಟಿಕ್ ಹಾಕಿದ ಚೌಕದ ಪಕ್ಕ, ಹುಡುಕಾಟ ಬದಲಾಯಿಸುತ್ತೇವೆ ಎಂದು ಸಣ್ಣ ಅಕ್ಷರದಲ್ಲಿ ಬರೆದಿತ್ತು. ಜಾವಾ ಇನ್‌ಸ್ಟಾಲರ್ ಬಹಳ ಕಾಲ ಆಸ್ಕ್ ಎಂಬ ಹುಡುಕಾಟದ ತಾಣದ ಟೂಲ್‌ಬಾರ್ ಅನ್ನು ಹೀಗೆಯೇ ಹೊತ್ತು ತರುತ್ತಿತ್ತು. ದೊಡ್ಡ ಹೆಸರಿನ ತಂತ್ರಾಂಶ ಎಂಬುದೊಂದೇ ಭರವಸೆಯಲ್ಲ.

'ಏನನ್ನೂ ಮುಟ್ಟಿಲ್ಲ' ಎನ್ನುವವರು ಸುಳ್ಳು ಹೇಳುತ್ತಿರುವುದಿಲ್ಲ. ಒಪ್ಪಿಗೆ ಕೊಟ್ಟದ್ದು ಗಮನಕ್ಕೆ ಬಾರದಂತೆಯೇ ಆ ಪರದೆಯನ್ನು ರೂಪಿಸಿರುತ್ತಾರೆ.

ನಾನು ಏನು ಹುಡುಕಿದರೆ ಅವರಿಗೇನು? ಇದರಲ್ಲಿ ಲಾಭವೇನಿದೆ?

ಹುಡುಕಾಟದ ಫಲಿತಾಂಶದ ಜೊತೆ ಬರುವ ಪ್ರತಿ ಜಾಹೀರಾತಿನ ಕ್ಲಿಕ್‌ಗೂ ಹಣವಿದೆ. ನಿಮ್ಮನ್ನು ಆ ಪುಟಕ್ಕೆ ಕರೆತಂದವರಿಗೆ ಅದರಲ್ಲಿ ಪಾಲು ಸಿಗುತ್ತದೆ. ಡೀಫಾಲ್ಟ್ ಸ್ಥಾನದ (ನೀವು ಬೇರೆಯದನ್ನು ಆರಿಸದಿದ್ದರೆ ಬ್ರೌಸರ್ ತಾನಾಗಿ ಬಳಸುವ ಹುಡುಕಾಟದ ಸ್ಥಾನದ) ಬೆಲೆ ಎಷ್ಟು ಎಂಬುದು ಅಮೆರಿಕದ ಸರ್ಕಾರ ಗೂಗಲ್ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ ಬಯಲಾಯಿತು: 2021ನೇ ಒಂದೇ ವರ್ಷದಲ್ಲಿ ಗೂಗಲ್ ಈ ಸ್ಥಾನಕ್ಕಾಗಿ ಬ್ರೌಸರ್ ಮತ್ತು ಫೋನ್ ಕಂಪನಿಗಳಿಗೆ ಕೊಟ್ಟದ್ದು 2,630 ಕೋಟಿ ಡಾಲರ್. ಈ ವ್ಯವಹಾರದಲ್ಲಿ ಗೂಗಲ್ ಕಾನೂನುಬಾಹಿರವಾಗಿ ಏಕಸ್ವಾಮ್ಯ ಉಳಿಸಿಕೊಂಡಿದೆ ಎಂದು ನ್ಯಾಯಾಧೀಶ ಅಮಿತ್ ಮೆಹ್ತಾ 2024ರ ಆಗಸ್ಟ್ 5ರಂದು ತೀರ್ಪಿತ್ತರು. ದೊಡ್ಡವರು ಕರಾರು ಮಾಡಿಕೊಂಡು ಕೊಳ್ಳುವ ಅದೇ ಜಾಗವನ್ನು ಸಣ್ಣವರು ಕೇಳದೆ ಆಕ್ರಮಿಸುತ್ತಾರೆ. ವಿಚಿತ್ರವೆಂದರೆ, ಇಂಥ ಅನೇಕ ಪುಟಗಳು ಸ್ವಂತವಾಗಿ ಏನನ್ನೂ ಹುಡುಕುವುದಿಲ್ಲ. ನಿಮ್ಮ ಪ್ರಶ್ನೆಯನ್ನು ತಮ್ಮ ಮೂಲಕ ಹಾಯಿಸಿ, ಕೊನೆಗೆ ಬಿಂಗ್ ಅಥವಾ ಯಾಹೂ ಪುಟಕ್ಕೇ ತಲುಪಿಸುತ್ತವೆ. ನಡುವೆ ನಿಮ್ಮ ಪ್ರಶ್ನೆ ಅವರ ಲೆಕ್ಕಕ್ಕೂ ಸೇರಿರುತ್ತದೆ.

ಬ್ರೌಸರ್ ಮತ್ತು ಸರ್ಚ್ ಎಂಜಿನ್ ಬೇರೆ ಬೇರೆಯೇ?

ಹೌದು. ಕ್ರೋಮ್, ಫೈರ್‌ಫಾಕ್ಸ್, ಎಡ್ಜ್, ಸಫಾರಿ ಇವು ಬ್ರೌಸರ್‌ಗಳು, ಅಂದರೆ ನಿಮ್ಮ ಸಾಧನದಲ್ಲಿರುವ ತಂತ್ರಾಂಶಗಳು. ಗೂಗಲ್, ಬಿಂಗ್, ಡಕ್‌ಡಕ್‌ಗೋ ಇವು ಸರ್ಚ್ ಎಂಜಿನ್‌ಗಳು, ಅಂದರೆ ಜಾಲತಾಣಗಳು. ಯಾವ ಬ್ರೌಸರ್‌ನಲ್ಲಾದರೂ ಯಾವ ಎಂಜಿನ್ ಬೇಕಾದರೂ ಇಟ್ಟುಕೊಳ್ಳಬಹುದು. ಕೊಂಡಿ ಒತ್ತಿದಾಗ ಬೇಡದ ಬ್ರೌಸರ್ ತೆರೆದುಕೊಳ್ಳುತ್ತಿದ್ದರೆ ಅದು ಡೀಫಾಲ್ಟ್ ಬ್ರೌಸರ್‌ನ ವಿಷಯ, ವಿಂಡೋಸ್ ಅಥವಾ ಫೋನಿನ ಸೆಟ್ಟಿಂಗ್ಸ್‌ನಲ್ಲಿ 'ಡೀಫಾಲ್ಟ್ ಆ್ಯಪ್ಸ್' ಎಂಬಲ್ಲಿ ಸರಿಯಾಗುತ್ತದೆ. ಈ ಪುಟದ ಉಳಿದ ಮಾತೆಲ್ಲ ಎಂಜಿನ್‌ಗೆ ಸಂಬಂಧಿಸಿದ್ದು.

ಎಂಜಿನ್ ಬದಲಾಯಿಸಿದೆ, ಆದರೂ ಬ್ರೌಸರ್ ತೆರೆದ ಕೂಡಲೇ ಹಳೆಯ ಪುಟವೇ ಬರುತ್ತದೆ. ಏಕೆ?

ಏಕೆಂದರೆ ಹುಡುಕಾಟ ಶುರುವಾಗುವ ಜಾಗ ಒಂದಲ್ಲ. ಅಡ್ರೆಸ್ ಬಾರ್‌ನಲ್ಲಿ ಬರೆದದ್ದನ್ನು ಯಾರಿಗೆ ಕಳಿಸಬೇಕು ಎಂಬುದು ಒಂದು ಸೆಟ್ಟಿಂಗ್. ಬ್ರೌಸರ್ ತೆರೆದಾಗ ಯಾವ ಪುಟ ಬರಬೇಕು ಎಂಬುದು ಎರಡನೆಯದು, ಕ್ರೋಮ್‌ನಲ್ಲಿ ಇದರ ಹೆಸರು 'ಆನ್ ಸ್ಟಾರ್ಟಪ್'. ಮನೆಯ ಚಿಹ್ನೆ ಒತ್ತಿದಾಗ ಬರುವ ಹೋಮ್ ಪೇಜ್ ಮೂರನೆಯದು. ಹೊಸ ಟ್ಯಾಬ್‌ನಲ್ಲಿ ಕಾಣುವ ಪುಟ ನಾಲ್ಕನೆಯದು, ಇದನ್ನು ಸಾಮಾನ್ಯವಾಗಿ ಹಿಡಿದಿಟ್ಟುಕೊಳ್ಳುವುದು ಎಕ್ಸ್‌ಟೆನ್ಷನ್. ಒಂದನ್ನು ಸರಿಪಡಿಸಿದರೆ ಉಳಿದ ಮೂರು ತಾವಾಗಿ ಸರಿಯಾಗುವುದಿಲ್ಲ. ಯಾವ ಜಾಗದಿಂದ ಹೊರಟಾಗ ತಪ್ಪು ಪುಟ ಬರುತ್ತಿದೆ ಎಂದು ಮೊದಲು ಗಮನಿಸಿದರೆ ಅರ್ಧ ಕೆಲಸ ಮುಗಿದಂತೆ.

'ಮೂಲ ಸ್ಥಿತಿ' ಎಂದರೆ ಯಾವ ಎಂಜಿನ್ ಬರುತ್ತದೆ?

ಬ್ರೌಸರ್ ತಯಾರಿಸಿದವರು ಇಟ್ಟದ್ದು. ಕ್ರೋಮ್‌ಗೆ ಗೂಗಲ್, ಎಡ್ಜ್‌ಗೆ ಬಿಂಗ್. ಫೈರ್‌ಫಾಕ್ಸ್ ಮತ್ತು ಸಫಾರಿಯಲ್ಲಿ ಹೆಚ್ಚಿನ ಕಡೆ ಗೂಗಲ್, ಆದರೆ ಪ್ರದೇಶಕ್ಕೆ ತಕ್ಕಂತೆ ಬದಲಾಗುತ್ತದೆ. ಕಾಲಕ್ಕೆ ತಕ್ಕಂತೆಯೂ ಬದಲಾಗುತ್ತದೆ: 2014ರ ನವೆಂಬರ್‌ನಲ್ಲಿ ಮೊಝಿಲ್ಲಾ ಅಮೆರಿಕದ ಫೈರ್‌ಫಾಕ್ಸ್ ಬಳಕೆದಾರರಿಗೆ ಯಾಹೂ ಇಡುವ ಒಪ್ಪಂದ ಮಾಡಿಕೊಂಡಿತ್ತು, 2017ರ ನವೆಂಬರ್‌ನಲ್ಲಿ ಮತ್ತೆ ಗೂಗಲ್‌ಗೆ ಮರಳಿತು. ನಿಮಗೆ ಬೇಕಾದದ್ದು ಇವುಗಳಲ್ಲದೆ ಬೇರೆಯಾಗಿದ್ದರೆ ರೀಸೆಟ್ ಮಾಡಿದ ಮೇಲೆ ಕೈಯಾರೆ ಆರಿಸಿಕೊಳ್ಳಬೇಕು. ಎಡ್ಜ್ ರೀಸೆಟ್ ಮಾಡಿ "ಗೂಗಲ್ ಮಾಯವಾಯಿತು" ಎಂದು ಗಾಬರಿಯಾಗುವವರು ಬಹಳ ಮಂದಿ.

## ಕಂಪ್ಯೂಟರ್‌ನಲ್ಲಿ ಸರಿಪಡಿಸುವ ಬಗೆ

ಕ್ರೋಮ್‌ನಲ್ಲಿ ಎಲ್ಲಿಗೆ ಹೋಗಬೇಕು?

ಬಲಮೂಲೆಯ ಮೂರು ಚುಕ್ಕೆ, 'ಸೆಟ್ಟಿಂಗ್ಸ್', ಅಲ್ಲಿ 'ಸರ್ಚ್ ಎಂಜಿನ್'. ಬೇಕಾದದ್ದನ್ನು ಆರಿಸಿ. ಬದಲಾಯಿಸುವ ಜಾಗದ ಪಕ್ಕದಲ್ಲಿ ಇಂಥ ಎಕ್ಸ್‌ಟೆನ್ಷನ್ ಈ ಸೆಟ್ಟಿಂಗ್ ಅನ್ನು ನಿಯಂತ್ರಿಸುತ್ತಿದೆ ಎಂಬ ಸಾಲು ಕಂಡರೆ ಅದೃಷ್ಟ ಚೆನ್ನಾಗಿದೆ ಎನ್ನಿ, ಆರೋಪಿ ತಾನೇ ಹೆಸರು ಹೇಳಿಕೊಂಡಿದ್ದಾನೆ. ಅಲ್ಲೇ ಇರುವ 'ಡಿಸೇಬಲ್' ಒತ್ತಿ, ಆಮೇಲೆ ಎಕ್ಸ್‌ಟೆನ್ಷನ್‌ಗಳ ಪುಟಕ್ಕೆ ಹೋಗಿ ಅದನ್ನು ಪೂರ್ತಿಯಾಗಿ ತೆಗೆದುಹಾಕಿ.

ನಂತರ 'ಮ್ಯಾನೇಜ್ ಸರ್ಚ್ ಎಂಜಿನ್ಸ್ ಆ್ಯಂಡ್ ಸೈಟ್ ಸರ್ಚ್' ಪುಟ ತೆರೆದು ಅಪರಿಚಿತ ಹೆಸರುಗಳನ್ನು ಅಳಿಸಿ. ಡೀಫಾಲ್ಟ್ ಆಗಿರುವುದನ್ನು ಅಳಿಸಲು ಕ್ರೋಮ್ ಬಿಡುವುದಿಲ್ಲ, ಮೊದಲು ಬೇರೊಂದಕ್ಕೆ ಆ ಸ್ಥಾನ ಕೊಡಬೇಕು. ಇಷ್ಟಕ್ಕೂ ಬಗ್ಗದಿದ್ದರೆ ಮಾತ್ರ 'ರೀಸೆಟ್ ಸೆಟ್ಟಿಂಗ್ಸ್' ಭಾಗದಲ್ಲಿ 'ರಿಸ್ಟೋರ್ ಸೆಟ್ಟಿಂಗ್ಸ್ ಟು ದೇರ್ ಒರಿಜಿನಲ್ ಡೀಫಾಲ್ಟ್ಸ್' ಒತ್ತಿ.

ಫೈರ್‌ಫಾಕ್ಸ್‌ನಲ್ಲಿ 'ರಿಸ್ಟೋರ್ ಡೀಫಾಲ್ಟ್ ಸರ್ಚ್ ಎಂಜಿನ್ಸ್' ಒತ್ತಿದೆ, ಏನೂ ಆಗಲಿಲ್ಲ. ಬಟನ್ ಕೆಟ್ಟಿದೆಯೇ?

ಬಟನ್ ಸರಿಯಾಗಿಯೇ ಇದೆ, ಅದರ ಕೆಲಸ ನೀವು ಅಂದುಕೊಂಡದ್ದಲ್ಲ. ಫೈರ್‌ಫಾಕ್ಸ್ ಜೊತೆಗೆ ಬಂದಿದ್ದ ಎಂಜಿನ್‌ಗಳಲ್ಲಿ ನೀವು ಅಳಿಸಿದವನ್ನು ಅದು ಮತ್ತೆ ಪಟ್ಟಿಗೆ ಸೇರಿಸುತ್ತದೆ, ಅಷ್ಟೇ. ಡೀಫಾಲ್ಟ್ ಯಾವುದು ಎಂಬುದನ್ನು ಅದೇ 'ಸರ್ಚ್' ಪುಟದ ಮೇಲ್ಭಾಗದಲ್ಲಿ ಬೇರೆಯಾಗಿ ಆರಿಸಬೇಕು. ಖಾಸಗಿ ಕಿಟಕಿಗೆ ಬೇರೆ ಎಂಜಿನ್ ಇಡುವ ಸೌಲಭ್ಯವೂ ಇದೆ. ಸಾಮಾನ್ಯ ಕಿಟಕಿಯಲ್ಲಿ ಒಂದು, ಖಾಸಗಿಯಲ್ಲಿ ಇನ್ನೊಂದು ಬರುತ್ತಿದ್ದರೆ ಅಲ್ಲಿಯೇ ನೋಡಿ.

ಪೂರ್ತಿ ಶುಚಿ ಮಾಡಲು 'ಹೆಲ್ಪ್' ಮೆನುವಿನಿಂದ 'ಮೋರ್ ಟ್ರಬಲ್‌ಶೂಟಿಂಗ್ ಇನ್ಫರ್ಮೇಶನ್' ತೆರೆದು 'ರಿಫ್ರೆಶ್ ಫೈರ್‌ಫಾಕ್ಸ್' ಒತ್ತಬೇಕು. ಇದು ಹಳೆಯ ಪ್ರೊಫೈಲ್ ಅನ್ನು (ನಿಮ್ಮ ಸೆಟ್ಟಿಂಗ್, ಮಾಹಿತಿ ಎಲ್ಲ ಇರುವ ಫೋಲ್ಡರ್) ಬದಿಗಿಟ್ಟು ಹೊಸದನ್ನು ಕಟ್ಟಿ, ಬುಕ್‌ಮಾರ್ಕ್, ಇತಿಹಾಸ, ಪಾಸ್‌ವರ್ಡ್, ಕುಕೀಗಳನ್ನು (ನಿಮ್ಮ ಲಾಗಿನ್ ಮುಂತಾದವನ್ನು ನೆನಪಿಡಲು ತಾಣಗಳು ಬ್ರೌಸರ್‌ನಲ್ಲಿ ಇಡುವ ಸಣ್ಣ ಗುರುತುಗಳು) ಅದಕ್ಕೆ ಸಾಗಿಸುತ್ತದೆ. ಎಕ್ಸ್‌ಟೆನ್ಷನ್‌ಗಳು, ಥೀಮ್‌ಗಳು, ನೀವು ಸೇರಿಸಿದ ಎಂಜಿನ್‌ಗಳು ಹೊಸದಕ್ಕೆ ಬರುವುದಿಲ್ಲ. ಹಳೆಯ ಪ್ರೊಫೈಲ್ 'ಓಲ್ಡ್ ಫೈರ್‌ಫಾಕ್ಸ್ ಡೇಟಾ' ಎಂಬ ಫೋಲ್ಡರ್ ಆಗಿ ಡೆಸ್ಕ್‌ಟಾಪ್ ಮೇಲೆ ಉಳಿಯುತ್ತದೆ. ಎಲ್ಲ ಸರಿಯಿದೆ ಎಂದು ಖಚಿತವಾಗುವವರೆಗೆ ಅದನ್ನು ಅಳಿಸಬೇಡಿ. ಅದರಲ್ಲಿ ಪಾಸ್‌ವರ್ಡ್‌ಗಳೂ ಇರುವುದರಿಂದ ಯಾರಿಗೂ ಕಳಿಸಲೂಬೇಡಿ.

ಎಡ್ಜ್‌ನಲ್ಲಿ ಗೂಗಲ್ ಆರಿಸಿದ್ದೇನೆ. ಹೊಸ ಟ್ಯಾಬ್‌ನಲ್ಲಿ ಹುಡುಕಿದರೆ ಮಾತ್ರ ಬಿಂಗ್ ಬರುತ್ತದೆ. ಇದೂ ವೈರಸ್ಸೇ?

ಅಲ್ಲ, ಇದು ಎಡ್ಜ್‌ನ ಸ್ವಭಾವ. ಹೊಸ ಟ್ಯಾಬ್‌ನ ನಡುವಿನ ಪೆಟ್ಟಿಗೆ ಬಿಂಗ್‌ನದು. 'ಅಡ್ರೆಸ್ ಬಾರ್ ಆ್ಯಂಡ್ ಸರ್ಚ್' ಪುಟದಲ್ಲಿ ಎಂಜಿನ್ ಆರಿಸುವ ಸಾಲಿನ ಕೆಳಗೆ, ಹೊಸ ಟ್ಯಾಬ್‌ನ ಹುಡುಕಾಟ ಯಾವುದನ್ನು ಬಳಸಬೇಕು ಎಂಬ ಇನ್ನೊಂದು ಸಾಲಿದೆ. ಅಲ್ಲಿ 'ಸರ್ಚ್ ಬಾಕ್ಸ್' ಬದಲು 'ಅಡ್ರೆಸ್ ಬಾರ್' ಆರಿಸಿದರೆ ಎರಡೂ ಒಂದೇ ಎಂಜಿನ್‌ಗೆ ಹೋಗುತ್ತವೆ. ವಿಂಡೋಸ್‌ನ ಸ್ಟಾರ್ಟ್ ಮೆನುವಿನಲ್ಲಿ ಬರೆದ ಜಾಲ ಹುಡುಕಾಟವೂ ಬಹುತೇಕ ಕಡೆ ಎಡ್ಜ್ ಮತ್ತು ಬಿಂಗ್‌ಗೇ ಹೋಗುತ್ತದೆ. ಅದಕ್ಕೂ ಬ್ರೌಸರ್ ಸೆಟ್ಟಿಂಗ್‌ಗೂ ಸಂಬಂಧವಿಲ್ಲ. ಕಿರಿಕಿರಿ ನಿಜ, ಆದರೆ ಸೋಂಕು ಅಲ್ಲ.

ಸಫಾರಿಯಲ್ಲಿ ರೀಸೆಟ್ ಬಟನ್ ಸಿಗುತ್ತಿಲ್ಲ.

ಇಲ್ಲದ್ದು ಸಿಗುವುದಿಲ್ಲ. ಒಂದು ಕಾಲದಲ್ಲಿದ್ದ 'ರೀಸೆಟ್ ಸಫಾರಿ' ಆಯ್ಕೆಯನ್ನು ಆ್ಯಪಲ್ ತೆಗೆದು ವರ್ಷಗಳಾದವು. ಸಫಾರಿಯ ಸೆಟ್ಟಿಂಗ್ಸ್‌ನಲ್ಲಿ 'ಸರ್ಚ್' ವಿಭಾಗಕ್ಕೆ ಹೋಗಿ ಎಂಜಿನ್ ಆರಿಸಿ, 'ಜನರಲ್' ವಿಭಾಗದಲ್ಲಿ ಹೋಮ್ ಪೇಜ್ ನೋಡಿ, 'ಎಕ್ಸ್‌ಟೆನ್ಷನ್ಸ್' ವಿಭಾಗದಲ್ಲಿ ಬೇಡದ್ದನ್ನು ತೆಗೆಯಿರಿ. ಈ ಮೂರನ್ನೂ ನೋಡಿದರೆ ರೀಸೆಟ್ ಮಾಡಿದಂತೆಯೇ ಸರಿ.

ಪಟ್ಟಿಯಲ್ಲಿ 'ಗೂಗಲ್' ಎಂದೇ ಬರೆದಿದೆ. ಆದರೆ ಹುಡುಕಿದರೆ ಹೋಗುವುದು ಬೇರೆಲ್ಲಿಗೋ. ಹೇಗೆ ಸಾಧ್ಯ?

ಪಟ್ಟಿಯಲ್ಲಿರುವ ಹೆಸರು ಬರೀ ಹಣೆಪಟ್ಟಿ. ಯಾರು ಬೇಕಾದರೂ ಯಾವ ಹೆಸರನ್ನಾದರೂ ಕೊಡಬಹುದು. ಬ್ರೌಸರ್ ನೋಡುವುದು ಅದರ ಹಿಂದಿರುವ ವಿಳಾಸವನ್ನು. ಕ್ರೋಮ್‌ನ ಎಂಜಿನ್ ಪಟ್ಟಿಯಲ್ಲಿ ಪ್ರತಿಯೊಂದರ ವಿವರ ತೆರೆದರೆ ಹೆಸರು, ಶಾರ್ಟ್‌ಕಟ್, ವಿಳಾಸ ಎಂಬ ಮೂರು ಸಾಲು ಕಾಣುತ್ತವೆ. ವಿಳಾಸದಲ್ಲಿ ಶೇಕಡಾ ಚಿಹ್ನೆಯೂ ಅದರ ಬೆನ್ನಿಗೆ ಇಂಗ್ಲಿಷ್‌ನ ಎಸ್ ಅಕ್ಷರವೂ ಇರುವ ಜಾಗದಲ್ಲಿ ನಿಮ್ಮ ಪ್ರಶ್ನೆ ಹೋಗಿ ಕೂರುತ್ತದೆ. ಓದಬೇಕಾದದ್ದು ಆರಂಭದ 'ಎಚ್‌ಟಿಟಿಪಿಎಸ್://' ಬಿಟ್ಟು, ಅದರ ನಂತರ ಬರುವ ಮೊದಲ ಓರೆಗೆರೆಗಿಂತ ಹಿಂದಿನ ಭಾಗವನ್ನು, ಅಂದರೆ ತಾಣದ ಹೆಸರನ್ನು. ಅದು ಗೂಗಲ್ ಡಾಟ್ ಕಾಮ್ ಎಂದು ಕೊನೆಗೊಳ್ಳದೆ, ಗೂಗಲ್ ಎಂಬ ಪದವನ್ನು ನಡುವೆಲ್ಲೋ ತುರುಕಿಕೊಂಡು ಬೇರೆ ಹೆಸರಿನಲ್ಲಿ ಮುಗಿಯುತ್ತಿದ್ದರೆ ಅದು ವೇಷ. ಬ್ರೌಸರ್ ಜೊತೆಗೇ ಬಂದ ಅಸಲಿ ಗೂಗಲ್ ಅದೇ ಪಟ್ಟಿಯಲ್ಲಿ ಬೇರೆಯಾಗಿ ಇರುತ್ತದೆ. ಅದನ್ನು ಡೀಫಾಲ್ಟ್ ಮಾಡಿ ವೇಷಧಾರಿಯನ್ನು ಅಳಿಸಿ.

ರೀಸೆಟ್ ಮಾಡಿದರೆ ನನ್ನ ಬುಕ್‌ಮಾರ್ಕ್, ಪಾಸ್‌ವರ್ಡ್ ಎಲ್ಲ ಹೋಗುತ್ತವೆಯೇ?

ಕ್ರೋಮ್ ಮತ್ತು ಎಡ್ಜ್ ಎರಡರಲ್ಲೂ ಬುಕ್‌ಮಾರ್ಕ್, ಇತಿಹಾಸ, ಉಳಿಸಿದ ಪಾಸ್‌ವರ್ಡ್ ಉಳಿಯುತ್ತವೆ. ಎಂಜಿನ್, ಆರಂಭದ ಪುಟ, ಹೊಸ ಟ್ಯಾಬ್, ಪಿನ್ ಮಾಡಿದ ಟ್ಯಾಬ್‌ಗಳು ಮೊದಲಿನಂತಾಗುತ್ತವೆ. ಎಕ್ಸ್‌ಟೆನ್ಷನ್‌ಗಳು ಅಳಿಯುವುದಿಲ್ಲ, ನಿಷ್ಕ್ರಿಯವಾಗುತ್ತವೆ. ಇದನ್ನು ಮರೆತು ಎಲ್ಲವನ್ನೂ ಒಟ್ಟಿಗೆ ಮತ್ತೆ ಚಾಲೂ ಮಾಡಿದರೆ ರೀಸೆಟ್ ಮಾಡಿದ್ದೇ ವ್ಯರ್ಥ.

ನಿಜವಾದ ನಷ್ಟ ಕುಕೀಗಳದ್ದು. ಅವು ಅಳಿಯುವುದರಿಂದ ಎಲ್ಲ ತಾಣಗಳಲ್ಲೂ ಮತ್ತೆ ಲಾಗಿನ್ ಆಗಬೇಕು. ಎರಡು ಹಂತದ ದೃಢೀಕರಣ ಇಟ್ಟುಕೊಂಡಿದ್ದರೆ ಆ ಫೋನ್ ಅಥವಾ ಸಂಕೇತ ಕೈಯಲ್ಲಿದೆಯೇ ಎಂದು ರೀಸೆಟ್‌ಗೆ ಮೊದಲೇ ನೋಡಿಕೊಳ್ಳಿ. ಕ್ಯಾಮೆರಾ, ಮೈಕ್, ನೋಟಿಫಿಕೇಶನ್‌ಗಳಿಗೆ ತಾಣಗಳಿಗೆ ಕೊಟ್ಟ ಅನುಮತಿಗಳೂ ಕ್ರೋಮ್‌ನಲ್ಲಿ ಮೊದಲ ಸ್ಥಿತಿಗೆ ಹೋಗುತ್ತವೆ, ಅದು ಅನೇಕ ಬಾರಿ ಒಳ್ಳೆಯದೇ.

ರೀಸೆಟ್ ಆಯಿತು. ಆದರೆ ಫಲಿತಾಂಶದ ಭಾಷೆ, ಸೇಫ್‌ಸರ್ಚ್ (ಅಶ್ಲೀಲ ಫಲಿತಾಂಶಗಳನ್ನು ಮರೆಮಾಡುವ ಆಯ್ಕೆ) ಮೊದಲಿನಂತಾಗಲಿಲ್ಲ.

ಅವು ಬ್ರೌಸರ್‌ನ ಸೆಟ್ಟಿಂಗ್‌ಗಳಲ್ಲಿ ಇರುವುದೇ ಇಲ್ಲ. ಸರ್ಚ್ ಎಂಜಿನ್‌ನ ತಾಣ ಅವನ್ನು ನಿಮ್ಮ ಖಾತೆಯಲ್ಲಿ ಇಟ್ಟಿರುತ್ತದೆ. ಲಾಗಿನ್ ಆಗಿಲ್ಲದಿದ್ದರೆ ಕುಕೀಯಲ್ಲಿ ಇಡುತ್ತದೆ. ಎಂಜಿನ್‌ನ ಪುಟಕ್ಕೇ ಹೋಗಿ ಅಲ್ಲಿನ ಸೆಟ್ಟಿಂಗ್ಸ್‌ನಲ್ಲಿ ಬದಲಾಯಿಸಿ. ಸೇಫ್‌ಸರ್ಚ್ ಪಕ್ಕದಲ್ಲಿ ಬೀಗದ ಚಿಹ್ನೆ ಇದ್ದರೆ ಅದನ್ನು ಕಡ್ಡಾಯ ಮಾಡಿರುವುದು ನೆಟ್‌ವರ್ಕ್ ನಡೆಸುವವರು ಅಥವಾ ಕುಟುಂಬದ ಖಾತೆಯ ಹಿರಿಯರು. ಅವರನ್ನೇ ಕೇಳಬೇಕು.

## ಫೋನ್‌ನಲ್ಲಿ

ಆಂಡ್ರಾಯ್ಡ್ ಕ್ರೋಮ್‌ನಲ್ಲಿ ಎಂಜಿನ್ ಬದಲಾಯಿಸಿದೆ. ಹೋಮ್ ಸ್ಕ್ರೀನ್ ಮೇಲಿನ ಹುಡುಕುವ ಪಟ್ಟಿ ಮಾತ್ರ ಹಾಗೆಯೇ ಇದೆ.

ಆ ಪಟ್ಟಿ ಕ್ರೋಮ್‌ನದಲ್ಲ. ಅದು ಒಂದು ವಿಜೆಟ್, ಅಥವಾ ಫೋನಿನ ಲಾಂಚರ್‌ನ (ಹೋಮ್ ಸ್ಕ್ರೀನ್ ನಡೆಸುವ ಆ್ಯಪ್‌ನ) ಭಾಗ. ಕ್ರೋಮ್‌ನ 'ಸೆಟ್ಟಿಂಗ್ಸ್', 'ಸರ್ಚ್ ಎಂಜಿನ್' ಬದಲಾಯಿಸಿದರೆ ಕ್ರೋಮ್‌ನ ಒಳಗಿನ ಹುಡುಕಾಟ ಮಾತ್ರ ಬದಲಾಗುತ್ತದೆ. ವಿಜೆಟ್ ಬೇಡವಾದರೆ ಒತ್ತಿ ಹಿಡಿದು ತೆಗೆಯಿರಿ. ಲಾಂಚರ್‌ನ ಭಾಗವಾಗಿದ್ದರೆ ಲಾಂಚರ್‌ನ ಸೆಟ್ಟಿಂಗ್ಸ್ ನೋಡಬೇಕು.

ಆಂಡ್ರಾಯ್ಡ್‌ನ ಕ್ರೋಮ್‌ನಲ್ಲಿ ಕಂಪ್ಯೂಟರ್‌ನಂತೆ ಎಕ್ಸ್‌ಟೆನ್ಷನ್‌ಗಳ ಕಾಟವಿಲ್ಲ. ಪುಟಗಳು ತಾವಾಗಿ ತೆರೆದುಕೊಳ್ಳುತ್ತಿದ್ದರೆ ಸಂಶಯ ಪಡಬೇಕಾದದ್ದು ಇತ್ತೀಚೆಗೆ ಹಾಕಿದ ಆ್ಯಪ್‌ಗಳ ಮೇಲೆ, ಅದರಲ್ಲೂ ಟಾರ್ಚ್, ಕ್ಲೀನರ್, ವಾಲ್‌ಪೇಪರ್ ಬಗೆಯವುಗಳ ಮೇಲೆ. ಜಾಹೀರಾತು ನೋಟಿಫಿಕೇಶನ್ ರೂಪದಲ್ಲಿ ಬರುತ್ತಿದ್ದರೆ ಯಾವುದೋ ತಾಣಕ್ಕೆ ಒಮ್ಮೆ 'ಅಲೋ' ಒತ್ತಿದ್ದೀರಿ. ಕ್ರೋಮ್‌ನ 'ಸೈಟ್ ಸೆಟ್ಟಿಂಗ್ಸ್' ಒಳಗೆ ಹೋಗಿ ಹಿಂತೆಗೆದುಕೊಳ್ಳಿ. ಫೋನಿನ ಸೆಟ್ಟಿಂಗ್ಸ್‌ನಿಂದ ಕ್ರೋಮ್‌ನ ಸ್ಟೋರೇಜ್ ಅಳಿಸುವ ಸಲಹೆಯನ್ನು ಅನೇಕರು ಕೊಡುತ್ತಾರೆ. ಸಿಂಕ್ ಆಗದ (ನಿಮ್ಮ ಖಾತೆಗೆ ನಕಲಾಗದ) ಬುಕ್‌ಮಾರ್ಕ್, ತೆರೆದಿಟ್ಟ ಟ್ಯಾಬ್ ಎಲ್ಲವೂ ಅದರ ಜೊತೆ ಹೋಗುತ್ತವೆ ಎಂಬುದನ್ನು ಮಾತ್ರ ಹೇಳುವುದಿಲ್ಲ.

ಐಫೋನ್‌ನಲ್ಲಿ?

ಸಫಾರಿಯ ಒಳಗಲ್ಲ, ಫೋನಿನ 'ಸೆಟ್ಟಿಂಗ್ಸ್' ಆ್ಯಪ್‌ನಲ್ಲಿ. ಐಒಎಸ್ 18ರಿಂದ 'ಆ್ಯಪ್ಸ್' ಎಂಬುದರ ಒಳಗೆ 'ಸಫಾರಿ' ಇದೆ, ಅದಕ್ಕೂ ಹಿಂದಿನವುಗಳಲ್ಲಿ ನೇರವಾಗಿ ಕಾಣುತ್ತದೆ. ಅಲ್ಲಿ 'ಸರ್ಚ್ ಎಂಜಿನ್' ಆರಿಸಿ. ಕ್ರೋಮ್ ಬಳಸುವವರು ಕ್ರೋಮ್ ಒಳಗೆ ಬೇರೆಯಾಗಿ ಬದಲಾಯಿಸಬೇಕು.

## ಮತ್ತೆ ಮತ್ತೆ ಮರಳಿ ಬಂದಾಗ

ಸರಿಮಾಡಿದೆ, ಕಂಪ್ಯೂಟರ್ ಮತ್ತೆ ಆನ್ ಮಾಡಿದಾಗ ಅದೇ ಪುಟ. ಎಲ್ಲಿಂದ ಬರುತ್ತಿದೆ?

ಬ್ರೌಸರ್‌ನ ಹೊರಗೆ ಯಾವುದೋ ಕೈ ಪ್ರತಿ ಬಾರಿಯೂ ಸೆಟ್ಟಿಂಗ್ ತಿದ್ದುತ್ತಿದೆ. ಹುಡುಕುವ ಮೊದಲು ಒಂದು ಪರೀಕ್ಷೆ ಮಾಡಿ: ಕ್ರೋಮ್‌ನ ಪ್ರೊಫೈಲ್ ಚಿಹ್ನೆ ಒತ್ತಿ 'ಗೆಸ್ಟ್' ಕಿಟಕಿ ತೆರೆದು ಏನಾದರೂ ಹುಡುಕಿ. ಅಲ್ಲಿ ನಿಮ್ಮ ಎಕ್ಸ್‌ಟೆನ್ಷನ್‌ಗಳೂ ಸೆಟ್ಟಿಂಗ್‌ಗಳೂ ಇರುವುದಿಲ್ಲ. ಗೆಸ್ಟ್‌ನಲ್ಲಿ ಸರಿಯಿದ್ದರೆ ದೋಷ ನಿಮ್ಮ ಪ್ರೊಫೈಲ್‌ನಲ್ಲಿದೆ. ಅಲ್ಲೂ ತಪ್ಪಿದರೆ ವಿಂಡೋಸ್ ಅಥವಾ ಮ್ಯಾಕ್‌ನ ಮಟ್ಟದಲ್ಲಿದೆ. ಇನ್‌ಕಾಗ್ನಿಟೊ ಕಿಟಕಿಯನ್ನು ಈ ಪರೀಕ್ಷೆಗೆ ನೆಚ್ಚಿಕೊಳ್ಳಬೇಡಿ, ಅದು ನಿಮ್ಮದೇ ಪ್ರೊಫೈಲ್‌ನ ಸೆಟ್ಟಿಂಗ್‌ಗಳನ್ನು ಬಳಸುತ್ತದೆ.

ವಿಂಡೋಸ್ ಮಟ್ಟದಲ್ಲಿದ್ದರೆ ಇನ್‌ಸ್ಟಾಲ್ ಆದ ಆ್ಯಪ್‌ಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ. ತೊಂದರೆ ಶುರುವಾದ ದಿನದ ಆಸುಪಾಸಿನಲ್ಲಿ ಬಂದ ಅಪರಿಚಿತರು ಅಲ್ಲೇ ಸಾಲಾಗಿ ನಿಂತಿರುತ್ತಾರೆ. ಟಾಸ್ಕ್ ಮ್ಯಾನೇಜರ್‌ನ 'ಸ್ಟಾರ್ಟಪ್' ಭಾಗವನ್ನೂ, 'ಟಾಸ್ಕ್ ಶೆಡ್ಯೂಲರ್' ಅನ್ನೂ ನೋಡಿ. ಅಳಿಸಿದ ಮೇಲೂ ದಿನಕ್ಕೊಮ್ಮೆ ಎದ್ದು ಕೂರುವವು ಇಲ್ಲಿ ಅಡಗಿರುತ್ತವೆ.

ಡೆಸ್ಕ್‌ಟಾಪ್ ಮೇಲಿನ ಬ್ರೌಸರ್ ಚಿಹ್ನೆಯನ್ನೂ ಬಿಡಬೇಡಿ. ಅದರ ಮೇಲೆ ಬಲ ಕ್ಲಿಕ್ ಮಾಡಿ 'ಪ್ರಾಪರ್ಟೀಸ್' ತೆರೆದು 'ಟಾರ್ಗೆಟ್' ಸಾಲನ್ನು ಕೊನೆಯವರೆಗೆ ಓದಿ. ಅದು ಕ್ರೋಮ್ ಡಾಟ್ ಎಕ್ಸ್ಇ ಎಂದು ಮುಗಿಯಬೇಕು. ಅದರಾಚೆ ಜಾಲತಾಣದ ವಿಳಾಸವಿದ್ದರೆ ಅಳಿಸಿ. ಎರಡು ಅಡ್ಡಗೆರೆಯಿಂದ ಶುರುವಾಗಿ 'ಪ್ರೊಫೈಲ್ ಡೈರೆಕ್ಟರಿ' ಎಂದಿದ್ದರೆ ಅದು ಕ್ರೋಮ್‌ನದೇ, ಮುಟ್ಟಬೇಡಿ. ಟಾಸ್ಕ್‌ಬಾರ್‌ಗೆ ಪಿನ್ ಮಾಡಿದ ಚಿಹ್ನೆ ಬೇರೆಯದೇ ಶಾರ್ಟ್‌ಕಟ್, ಅದನ್ನೂ ಹೀಗೆ ನೋಡಬೇಕು.

ಹತ್ತಾರು ಎಕ್ಸ್‌ಟೆನ್ಷನ್ ಇವೆ. ಯಾವುದು ಕಳ್ಳ ಎಂದು ಹೇಗೆ ಹಿಡಿಯುವುದು?

ಒಂದೊಂದಾಗಿ ನಿಲ್ಲಿಸುತ್ತಾ ಹೋದರೆ ಸಂಜೆಯಾಗುತ್ತದೆ. ಮೊದಲು ಅರ್ಧವನ್ನು ನಿಲ್ಲಿಸಿ ಹುಡುಕಿ ನೋಡಿ. ಸರಿಯಾದರೆ ಕಳ್ಳ ನಿಂತವುಗಳಲ್ಲಿದ್ದಾನೆ, ಇಲ್ಲವಾದರೆ ಓಡುತ್ತಿರುವವುಗಳಲ್ಲಿ. ಆ ಗುಂಪನ್ನು ಮತ್ತೆ ಅರ್ಧ ಮಾಡಿ. ಹದಿನಾರು ಇದ್ದರೂ ನಾಲ್ಕು ಸುತ್ತಿನಲ್ಲಿ ಒಂದೇ ಉಳಿಯುತ್ತದೆ.

ಒಂದು ಎಚ್ಚರಿಕೆ: ವರ್ಷಗಟ್ಟಲೆ ಸಭ್ಯವಾಗಿದ್ದ ಎಕ್ಸ್‌ಟೆನ್ಷನ್ ಕೂಡ ಒಂದು ದಿನ ಬದಲಾಗಬಹುದು. ಬರೆದವರು ಅದನ್ನು ಬೇರೆಯವರಿಗೆ ಮಾರಿರುತ್ತಾರೆ, ಕೊಂಡವರು ಅಪ್‌ಡೇಟ್ ಮೂಲಕ ತಮ್ಮ ಕೆಲಸ ತುಂಬಿರುತ್ತಾರೆ. "ಇದನ್ನು ಹಾಕಿ ಬಹಳ ಕಾಲವಾಯಿತು, ಇದಾಗಿರಲಾರದು" ಎಂಬ ತರ್ಕ ನಿಲ್ಲುವುದಿಲ್ಲ.

ಬ್ರೌಸರ್ ಅನ್ನೇ ತೆಗೆದು ಹೊಸದಾಗಿ ಹಾಕಿದೆ. ಆದರೂ ಹೋಗಲಿಲ್ಲ!

ಬ್ರೌಸರ್ ತೆಗೆದರೂ ಪ್ರೊಫೈಲ್ ಡಿಸ್ಕ್‌ನಲ್ಲಿ ಉಳಿದಿರುತ್ತದೆ. ಅನ್‌ಇನ್‌ಸ್ಟಾಲ್ ಮಾಡುವಾಗ ಬ್ರೌಸಿಂಗ್ ಡೇಟಾವನ್ನೂ ಅಳಿಸಬೇಕೇ ಎಂಬ ಚೌಕಕ್ಕೆ ಟಿಕ್ ಹಾಕದಿದ್ದರೆ ಹೊಸ ಕ್ರೋಮ್ ಹಳೆಯ ಮನೆಗೇ ಬಂದು ಸೇರುತ್ತದೆ. ಟಿಕ್ ಹಾಕಿದ್ದರೂ ಖಾತೆಗೆ ಲಾಗಿನ್ ಆದ ಕೂಡಲೇ ಸಿಂಕ್ ಎಲ್ಲವನ್ನೂ ಹಿಂದಕ್ಕೆ ಎಳೆದು ತರುತ್ತದೆ, ಎಕ್ಸ್‌ಟೆನ್ಷನ್ ಸಮೇತ.

ಸಿಂಕ್ ಬಳಸುವವರಿಗೆ ಸರಿಯಾದ ಕ್ರಮ ಇದು: ಮೊದಲು ಎಲ್ಲ ಕಂಪ್ಯೂಟರ್‌ಗಳಲ್ಲೂ ಸಿಂಕ್ ನಿಲ್ಲಿಸಿ, ಪ್ರತಿಯೊಂದನ್ನೂ ಶುಚಿ ಮಾಡಿ, ಆಮೇಲೆ ಒಂದರಲ್ಲಿ ಸಿಂಕ್ ಶುರುಮಾಡಿ ಕೆಲಕಾಲ ಗಮನಿಸಿ. ಕಚೇರಿಯ ಕಂಪ್ಯೂಟರ್‌ನಲ್ಲಿ ಮರೆತ ಒಂದು ಎಕ್ಸ್‌ಟೆನ್ಷನ್ ಮನೆಯದಕ್ಕೂ ಮರಳುವುದು ಈ ದಾರಿಯಲ್ಲೇ. ತೆಗೆದುಹಾಕಿ ಮತ್ತೆ ಹಾಕುವುದು ನನ್ನ ಮಟ್ಟಿಗೆ ಕೊನೆಯ ಉಪಾಯ. ಶ್ರಮ ಹೆಚ್ಚು, ರೀಸೆಟ್‌ಗಿಂತ ಫಲ ಹೆಚ್ಚೇನಲ್ಲ.

ಮೆನುವಿನಲ್ಲಿ 'ಮ್ಯಾನೇಜ್ಡ್ ಬೈ ಯುವರ್ ಆರ್ಗನೈಸೇಶನ್' ಎಂದಿದೆ. ಇದು ನನ್ನ ಸ್ವಂತ ಲ್ಯಾಪ್‌ಟಾಪ್!

ಕಚೇರಿಗಳು ತಮ್ಮ ಕಂಪ್ಯೂಟರ್‌ಗಳನ್ನು ದೂರದಿಂದ ನಿಯಂತ್ರಿಸಲೆಂದು ಬ್ರೌಸರ್‌ಗಳಲ್ಲಿ ಪಾಲಿಸಿ ಎಂಬ ವ್ಯವಸ್ಥೆ ಇದೆ. ಪಾಲಿಸಿಯಲ್ಲಿ ಬರೆದದ್ದನ್ನು ಬಳಕೆದಾರ ಬದಲಾಯಿಸಲಾರ, ರೀಸೆಟ್ ಬಟನ್ ಕೂಡ ಅದನ್ನು ಮುಟ್ಟುವುದಿಲ್ಲ. ದುರುದ್ದೇಶದ ತಂತ್ರಾಂಶಗಳಿಗೆ ಇಷ್ಟವಾಗುವುದೂ ಇದೇ ಕಾರಣಕ್ಕೆ. ತೆಗೆಯುವ ಬಟನ್ನೇ ಇಲ್ಲದ ಎಕ್ಸ್‌ಟೆನ್ಷನ್ ಕಂಡರೆ ಅದನ್ನು ಪಾಲಿಸಿಯ ಮೂಲಕ ಬಲವಂತವಾಗಿ ಕೂರಿಸಲಾಗಿದೆ.

ಅಡ್ರೆಸ್ ಬಾರ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಕ್ರೋಮ್://ಪಾಲಿಸಿ ಎಂದು ಬರೆಯಿರಿ. ಎಡ್ಜ್‌ಗೆ ಎಡ್ಜ್://ಪಾಲಿಸಿ, ಫೈರ್‌ಫಾಕ್ಸ್‌ಗೆ ಅಬೌಟ್:ಪಾಲಿಸೀಸ್. ಜಾರಿಯಲ್ಲಿರುವ ಪಾಲಿಸಿಗಳ ಪಟ್ಟಿ ಬರುತ್ತದೆ. 'ಎಕ್ಸ್‌ಟೆನ್ಷನ್ ಇನ್‌ಸ್ಟಾಲ್ ಫೋರ್ಸ್‌ಲಿಸ್ಟ್' ಅಥವಾ 'ಡೀಫಾಲ್ಟ್ ಸರ್ಚ್ ಪ್ರೊವೈಡರ್' ಎಂದು ಶುರುವಾಗುವ ಹೆಸರುಗಳಿದ್ದರೆ ನಿಮ್ಮ ಕೇಸು ಇಲ್ಲೇ ಇದೆ. ಹಾಗೆಂದು ಕೂಡಲೇ ಅಳಿಸಲು ಹೊರಡಬೇಡಿ. ಕೆಲವು ಆ್ಯಂಟಿವೈರಸ್‌ಗಳೂ ಪಾಲಿಸಿ ಬರೆಯುತ್ತವೆ. ಕಚೇರಿ ಅಥವಾ ಕಾಲೇಜು ಕೊಟ್ಟ ಲ್ಯಾಪ್‌ಟಾಪ್ ಆಗಿದ್ದರೆ ಆ ಸಾಲು ಅಕ್ಷರಶಃ ಸತ್ಯ, ಅಲ್ಲಿನ ತಾಂತ್ರಿಕ ವಿಭಾಗವನ್ನು ಕೇಳದೆ ಮುಟ್ಟುವಂತಿಲ್ಲ.

ಸ್ವಂತದ್ದೇ ಎಂದು ಖಚಿತವಾದರೆ, ವಿಂಡೋಸ್‌ನಲ್ಲಿ ಇವು ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ಕೋಶದಲ್ಲಿ, ಇರುತ್ತವೆ. 'ಲೋಕಲ್ ಮಷೀನ್' ಮತ್ತು 'ಕರೆಂಟ್ ಯೂಸರ್' ಎರಡರಲ್ಲೂ ಸಾಫ್ಟ್‌ವೇರ್, ಪಾಲಿಸೀಸ್, ಗೂಗಲ್, ಕ್ರೋಮ್ ಎಂಬ ಕ್ರಮದಲ್ಲಿ ಒಳಗೆ ಹೋಗಿ. ಮೊದಲು ಆ ಭಾಗವನ್ನು 'ಎಕ್ಸ್‌ಪೋರ್ಟ್' ಮಾಡಿ ಉಳಿಸಿಕೊಳ್ಳಿ, ಆಮೇಲೆ ಸಂಶಯದ ಸಾಲು ಅಳಿಸಿ. ಫೈರ್‌ಫಾಕ್ಸ್‌ಗೆ ರಿಜಿಸ್ಟ್ರಿಯ ಜೊತೆ ಇನ್ನೊಂದು ಜಾಗವೂ ಇದೆ: ಇನ್‌ಸ್ಟಾಲ್ ಆದ ಫೋಲ್ಡರ್‌ನ ಒಳಗಿನ 'ಡಿಸ್ಟ್ರಿಬ್ಯೂಶನ್' ಫೋಲ್ಡರ್‌ನಲ್ಲಿರುವ ಪಾಲಿಸಿ ಫೈಲ್. ರಿಜಿಸ್ಟ್ರಿ ಎಂದರೆ ಕೈ ನಡುಗುವವರು ತಿಳಿದವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ನಾಚಿಕೆಯೇನಿಲ್ಲ.

ಮ್ಯಾಕ್‌ನಲ್ಲಿ ಎಂಜಿನ್ ಆರಿಸುವ ಜಾಗವೇ ಮಸುಕಾಗಿದೆ, ಒತ್ತಲು ಬರುವುದಿಲ್ಲ.

ವಿಂಡೋಸ್‌ನಲ್ಲಿ ರಿಜಿಸ್ಟ್ರಿ ಮಾಡುವುದನ್ನು ಮ್ಯಾಕ್‌ನಲ್ಲಿ ಕಾನ್ಫಿಗರೇಶನ್ ಪ್ರೊಫೈಲ್ ಮಾಡುತ್ತದೆ. 'ಸಿಸ್ಟಮ್ ಸೆಟ್ಟಿಂಗ್ಸ್' ತೆರೆದು ಹುಡುಕುವ ಪೆಟ್ಟಿಗೆಯಲ್ಲಿ 'ಪ್ರೊಫೈಲ್ಸ್' ಎಂದು ಬರೆಯಿರಿ. ಮ್ಯಾಕ್‌ಒಎಸ್ ಆವೃತ್ತಿಗೆ ತಕ್ಕಂತೆ ಅದರ ಜಾಗ ಬದಲಾಗಿದೆ. ನೀವು ಹಾಕದ ಪ್ರೊಫೈಲ್ ಕಂಡರೆ, ಮ್ಯಾಕ್ ಕಚೇರಿಯದ್ದಲ್ಲದಿದ್ದರೆ, ತೆಗೆದುಹಾಕಿ. ಐಫೋನ್‌ನಲ್ಲಿ ಇದೇ ವಿಷಯ 'ಜನರಲ್' ಒಳಗಿನ 'ವಿಪಿಎನ್ ಆ್ಯಂಡ್ ಡಿವೈಸ್ ಮ್ಯಾನೇಜ್‌ಮೆಂಟ್'ನಲ್ಲಿದೆ. ನಂತರ ಮ್ಯಾಕ್‌ನ 'ಲಾಗಿನ್ ಐಟಮ್ಸ್' ಪಟ್ಟಿಯನ್ನೂ ನೋಡಿ, ಪ್ರೊಫೈಲ್ ಅನ್ನು ಮತ್ತೆ ಹಾಕುವ ತಂತ್ರಾಂಶ ಅಲ್ಲಿ ಕುಳಿತಿರಬಹುದು.

ಎಲ್ಲ ಬ್ರೌಸರ್‌ಗಳಲ್ಲೂ ಒಟ್ಟಿಗೆ ಕೆಟ್ಟಿದೆ. ರೂಟರ್ ಹ್ಯಾಕ್ ಆಗಿದೆಯೇ?

ರೂಟರ್ ಮೇಲೆ ಎಲ್ಲರಿಗೂ ಬೇಗ ಸಂಶಯ ಬರುತ್ತದೆ, ಆದರೆ ಅದು ಅಪರೂಪ. ದೊಡ್ಡ ಸರ್ಚ್ ಎಂಜಿನ್‌ಗಳೆಲ್ಲ ಎಚ್‌ಟಿಟಿಪಿಎಸ್ (ಸರ್ಟಿಫಿಕೇಟ್ ಎಂಬ ಗುರುತಿನ ಪತ್ರದಿಂದ ತಾಣವನ್ನು ಖಚಿತಪಡಿಸುವ ಸುರಕ್ಷಿತ ಸಂಪರ್ಕ) ಬಳಸುವುದರಿಂದ ರೂಟರ್‌ನ ಡಿಎನ್‌ಎಸ್ (ತಾಣದ ಹೆಸರಿನಿಂದ ಅದು ಇರುವ ಜಾಗವನ್ನು ಹುಡುಕುವ ವ್ಯವಸ್ಥೆ) ಬದಲಾಯಿಸಿ ನಿಮ್ಮನ್ನು ಬೇರೆಡೆ ಕಳಿಸಲು ನೋಡಿದರೆ ಬ್ರೌಸರ್ ಸರ್ಟಿಫಿಕೇಟ್ ಎಚ್ಚರಿಕೆ ತೋರಿಸಿ ನಿಲ್ಲಿಸಿಬಿಡುತ್ತದೆ. ಸದ್ದಿಲ್ಲದೆ ಬೇರೆ ಪುಟ ತೆರೆಯುತ್ತಿದ್ದರೆ ತಪ್ಪು ಈ ಕಂಪ್ಯೂಟರ್‌ನ ಒಳಗಿದೆ ಎಂದೇ ಲೆಕ್ಕ. ಅದೇ ವೈಫೈಯಲ್ಲಿರುವ ಇನ್ನೊಂದು ಸಾಧನದಲ್ಲಿ ಹುಡುಕಿ ನೋಡಿದರೆ ಸಂಶಯ ಬಗೆಹರಿಯುತ್ತದೆ.

ವಿಂಡೋಸ್ ಸೆಟ್ಟಿಂಗ್ಸ್‌ನ 'ನೆಟ್‌ವರ್ಕ್' ಒಳಗೆ 'ಪ್ರಾಕ್ಸಿ' ನೋಡಿ. ನೀವು ಹಾಕದ ಪ್ರಾಕ್ಸಿ ಇದ್ದರೆ ಎಲ್ಲ ಬ್ರೌಸರ್‌ಗಳ ಸಂಚಾರವೂ ಅದರ ಮೂಲಕವೇ ಹೋಗುತ್ತಿರುತ್ತದೆ. ಜೊತೆಗೆ ತನ್ನದೇ ರೂಟ್ ಸರ್ಟಿಫಿಕೇಟ್ (ಉಳಿದ ಸರ್ಟಿಫಿಕೇಟ್‌ಗಳನ್ನು ನಂಬಲು ಕಂಪ್ಯೂಟರ್ ಆಧರಿಸುವ ಮೂಲ ಪತ್ರ) ಕೂರಿಸಿದ ತಂತ್ರಾಂಶ ಎಚ್‌ಟಿಟಿಪಿಎಸ್ ಪುಟದೊಳಕ್ಕೂ ಕೈ ಹಾಕಬಲ್ಲದು. 2015ರ ಫೆಬ್ರವರಿಯಲ್ಲಿ ಲೆನೊವೊ ಲ್ಯಾಪ್‌ಟಾಪ್‌ಗಳ ಜೊತೆ ಬರುತ್ತಿದ್ದ ಸೂಪರ್‌ಫಿಶ್ ದೊಡ್ಡ ಸುದ್ದಿಯಾದದ್ದು ಇದಕ್ಕೇ: ಹುಡುಕಾಟದ ಪುಟಗಳಲ್ಲಿ ತನ್ನ ಜಾಹೀರಾತು ತುರುಕಲು ಅದು ಹೀಗೆ ಮಾಡುತ್ತಿತ್ತು. ಇಂಥದ್ದು ಕಂಡರೆ ತಂತ್ರಾಂಶದ ಜೊತೆ ಸರ್ಟಿಫಿಕೇಟ್ ಕೂಡ ತೆಗೆಯಬೇಕು.

ಕ್ರೋಮ್‌ನಲ್ಲೇ 'ಕ್ಲೀನಪ್ ಕಂಪ್ಯೂಟರ್' ಇದೆಯಂತೆ. ನನ್ನದರಲ್ಲಿ ಕಾಣುತ್ತಿಲ್ಲ. ಬೇರೆ ಕ್ಲೀನರ್ ಹಾಕಲೇ?

ಹಳೆಯ ಲೇಖನ ಓದಿದ್ದೀರಿ. ಗೂಗಲ್ ಆ ಸಾಧನವನ್ನು 2023ರಲ್ಲಿ, ಕ್ರೋಮ್ 111ರಿಂದ, ಕೈಬಿಟ್ಟಿತು. ವಿಂಡೋಸ್‌ನಲ್ಲಿ ಮೊದಲು ಮಾಡಬೇಕಾದದ್ದು 'ವಿಂಡೋಸ್ ಸೆಕ್ಯೂರಿಟಿ' ತೆರೆದು, 'ಆ್ಯಪ್ ಆ್ಯಂಡ್ ಬ್ರೌಸರ್ ಕಂಟ್ರೋಲ್' ಒಳಗೆ ಅನಪೇಕ್ಷಿತ ಆ್ಯಪ್‌ಗಳನ್ನು ತಡೆಯುವ ಆಯ್ಕೆ ಆನ್ ಆಗಿದೆಯೇ ಎಂದು ನೋಡಿ, ಪೂರ್ತಿ ಸ್ಕ್ಯಾನ್ ಮಾಡುವುದು. ಈ ಬಗೆಯ ಕಾಟಕ್ಕೆಂದೇ ಇರುವ ಉಚಿತ ಸಾಧನ ಬೇಕಾದರೆ ಮಾಲ್‌ವೇರ್‌ಬೈಟ್ಸ್ ಕಂಪನಿಯ ಆ್ಯಡ್‌ಡಬ್ಲ್ಯೂಕ್ಲೀನರ್ ಇದೆ, ಅವರ ತಾಣದಿಂದಲೇ ಇಳಿಸಿಕೊಳ್ಳಿ. ಹುಡುಕಾಟ ಕೆಟ್ಟಿರುವ ಬ್ರೌಸರ್‌ನಲ್ಲೇ 'ಉಚಿತ ಕ್ಲೀನರ್' ಎಂದು ಹುಡುಕಿ, ಮೊದಲು ಕಂಡದ್ದನ್ನು ಇಳಿಸಿಕೊಳ್ಳುವುದಕ್ಕಿಂತ ಸುಮ್ಮನಿರುವುದು ಲೇಸು.

ಪಾಸ್‌ವರ್ಡ್‌ಗಳನ್ನೂ ಬದಲಾಯಿಸಬೇಕೇ?

ಎಂಜಿನ್ ಮಾತ್ರ ಬದಲಾಗಿದ್ದು, ಸೆಟ್ಟಿಂಗ್ಸ್‌ನಲ್ಲಿ ಒಮ್ಮೆ ತಿದ್ದಿದ ಮೇಲೆ ಮರಳದಿದ್ದರೆ ಬೇಕಿಲ್ಲ. ಆದರೆ ಕಳ್ಳ ಎಕ್ಸ್‌ಟೆನ್ಷನ್‌ಗೆ 'ಎಲ್ಲ ತಾಣಗಳ ಮಾಹಿತಿಯನ್ನು ಓದಿ ಬದಲಾಯಿಸುವ' ಅನುಮತಿ ಇತ್ತೇ ಎಂದು ತೆಗೆಯುವ ಮೊದಲು ಅದರ ವಿವರ ಪುಟದಲ್ಲಿ ನೋಡಿ. ಇದ್ದರೆ ಅದು ನೀವು ಟೈಪ್ ಮಾಡಿದ್ದನ್ನೆಲ್ಲ ನೋಡಬಲ್ಲದಾಗಿತ್ತು. ಪ್ರಾಕ್ಸಿ, ರೂಟ್ ಸರ್ಟಿಫಿಕೇಟ್ ಸಿಕ್ಕಿದ್ದರೂ ಹಾಗೆಯೇ. ಆಗ ಇಮೇಲ್ ಮತ್ತು ಬ್ಯಾಂಕ್ ಪಾಸ್‌ವರ್ಡ್‌ಗಳಿಂದ ಶುರುಮಾಡಿ, ಎಲ್ಲ ಸಾಧನಗಳಿಂದಲೂ ಲಾಗ್ ಔಟ್ ಆಗಿ. ಈ ಕೆಲಸವನ್ನು ಶುಚಿಯಾದ ಬೇರೊಂದು ಸಾಧನದಿಂದ ಮಾಡಬೇಕು. ಸೋಂಕಿರುವ ಬ್ರೌಸರ್‌ನಲ್ಲೇ ಮಾಡಿದರೆ ಹೊಸ ಪಾಸ್‌ವರ್ಡ್ ಕೂಡ ಅವರ ಕೈ ಸೇರುತ್ತದೆ.